ಒಂದೇ ಸಲ ಒತ್ತಿದ ಗುಂಡಿ

ಉದಯಶಂಕರ ಆ ಗುಂಡಿಯನ್ನು ಒತ್ತಿದ್ದು ಒಂದೇ ಸಲ. ಇದನ್ನು ಮೊದಲಿಗೇ ಹೇಳಿಬಿಡುವುದು ನ್ಯಾಯ. ಏಕೆಂದರೆ ಮುಂದೆ ನಡೆದದ್ದನ್ನು ಕೇಳಿದ ಇನ್ನೂರ ಎಂಬತ್ತಾರು ಕುಟುಂಬಗಳಲ್ಲಿ ಒಂದೂ ಇದನ್ನು ನಂಬಲಿಲ್ಲ.

ಅವನ ವಾಸ ಅಮೆರಿಕದ ಡಲ್ಲಾಸ್ ಪಕ್ಕದ ಲೂಯಿಸ್‌ವಿಲ್‌ನ ಅಪಾರ್ಟ್‌ಮೆಂಟೊಂದರ ಎರಡನೆಯ ಮಹಡಿಯಲ್ಲಿ. ಕೆಲಸ ಪ್ಲೇನೋದ ಒಂದು ವಿಮಾ ಕಂಪನಿಯಲ್ಲಿ. ಆ ಕಂಪನಿಯ ನೌಕರರು ಬೆಳಿಗ್ಗೆ ಕಂಪ್ಯೂಟರ್ ತೆರೆದೊಡನೆ ಕಾಣುವ ಪುಟ ಒಂದೇ ಆದರೂ ಅದರೊಳಗೆ ಒಂಬತ್ತು ಸಣ್ಣ ಕಿಟಕಿಗಳಿದ್ದವು: ರಜೆಯದೊಂದು, ಹವಾಮಾನದ್ದೊಂದು, ಮಧ್ಯಾಹ್ನದ ಊಟದ್ದೊಂದು, ಹೀಗೆ. ಪುಟಕ್ಕೆ ಪೋರ್ಟಲ್ ಎಂದೂ ಕಿಟಕಿಗೆ ಪೋರ್ಟ್‌ಲೆಟ್ ಎಂದೂ ಹೆಸರು. ಪ್ರತಿ ಕಿಟಕಿಯೂ ಒಂದು ಪ್ರತ್ಯೇಕ ಸಂಸಾರ. ಪ್ರತಿ ಕಿಟಕಿಗೂ ಮೂರು ಮುಖ. ನೋಡುವುದಕ್ಕೊಂದು, ತಿದ್ದುವುದಕ್ಕೊಂದು, ಸಹಾಯ ಕೇಳುವುದಕ್ಕೊಂದು. ಉದಯಶಂಕರ ಮೂರು ವರ್ಷ ನಾಲ್ಕು ತಿಂಗಳಿಂದ ನೋಡಿಕೊಳ್ಳುತ್ತಿದ್ದದ್ದು ರಜೆಯ ಕಿಟಕಿಯ ಸಹಾಯದ ಮುಖವನ್ನು. ಅದನ್ನು ಯಾರೂ ತೆರೆಯುತ್ತಿರಲಿಲ್ಲ. ರಜೆ ಹಾಕುವುದಕ್ಕೆ ಯಾವ ದೇಶದಲ್ಲಿಯೂ ಯಾರಿಗೂ ಸಹಾಯ ಬೇಕಾಗುವುದಿಲ್ಲ.

ಈ ಕೆಲಸವನ್ನಾದರೂ ಅವನಿಗೆ ಕಲಿಸಿದವನು ತಿರುಮಲ. ಧಾರವಾಡದವನು, ಈಗ ಹ್ಯೂಸ್ಟನ್‌ನಲ್ಲಿದ್ದಾನೆ. ೨೦೦೮ರಲ್ಲಿ ಇಬ್ಬರ ಹೆಂಡಂದಿರೂ ಇನ್ನೂ ಬಂದಿರದ ಕಾಲದಲ್ಲಿ ಹದಿನಾಲ್ಕು ತಿಂಗಳು ಅವರು ಒಂದೇ ಮನೆಯಲ್ಲಿ ಅನ್ನ ಬೇಯಿಸಿಕೊಂಡಿದ್ದರು. ಅಡುಗೆಯೂ ತಿರುಮಲನದೇ, ಪಾಠವೂ ತಿರುಮಲನದೇ. ಪೋರ್ಟ್‌ಲೆಟ್ ಬರೆಯುವ ಚೌಕಟ್ಟಿನಲ್ಲಿ ಮೂವರಿರುತ್ತಾರೆ, ಅವರನ್ನು ಬೆರೆಸಬಾರದು ಎಂದು ಅವನು ಬಿಡಿಸಿ ಹೇಳಿದ್ದ. ಮಾಡೆಲ್ ಎಂದರೆ ಉಗ್ರಾಣದ ದಿನಸಿ. ವ್ಯೂ ಎಂದರೆ ಹಾಸಿದ ಎಲೆ. ಕಂಟ್ರೋಲರ್ ಎಂದರೆ ಬಡಿಸುವವನು. ಬಡಿಸುವವನು ಒಬ್ಬನೇ, ಪಂಕ್ತಿಗಳು ನೂರು. ಆದ್ದರಿಂದ ಅವನು ಒಬ್ಬರಿಗೆ ಬಡಿಸಬೇಕಾದುದನ್ನು ಕೈಯಲ್ಲಿ ಉಳಿಸಿಕೊಂಡು ಮುಂದಿನ ಎಲೆಗೆ ಹೋಗಬಾರದು. ಇದಕ್ಕಿಂತ ಮುಖ್ಯವಾದ ಮಾತು ಇನ್ನೊಂದಿತ್ತು. ಪುಟದಲ್ಲಿ ಯಾರು ಯಾವ ಕಿಟಕಿಯನ್ನು ಮುಟ್ಟಿದರೂ ಉಳಿದ ಕಿಟಕಿಗಳೆಲ್ಲ ತಮ್ಮನ್ನು ತಾವು ಹೊಸದಾಗಿ ತೋರಿಸಿಕೊಳ್ಳುತ್ತವೆ. ಹೀಗಾಗಿ ಕೆಲಸ ಮಾಡುವ ಜಾಗ ಬೇರೆ, ತೋರಿಸುವ ಜಾಗ ಬೇರೆ. ತೋರಿಸುವ ಜಾಗದಲ್ಲಿ ಕೆಲಸ ಇಡಕೂಡದು.

“ತಾಳಿ ಕಟ್ಟೋದು ಒಮ್ಮೆ. ಫೋಟೋ ನೂರು ಸಲ ತಗೀ, ಯಾರು ಬ್ಯಾಡಂತಾರ? ಆದ್ರ ಫೋಟೋ ತಗ್ಯಾಕ ಹೋದಾಗೊಮ್ಮೆ ತಾಳಿ ಕಟ್ಟಿದ್ರ ಏನಾಗ್ತದ ಹೇಳು?” ಎಂದು ತಿರುಮಲ ಕೇಳಿದ್ದ.

ಉದಯಶಂಕರ ಅರ್ಥವಾಯಿತೆಂದು ತಲೆಯಾಡಿಸಿದ್ದ. ತಲೆಯಾಡಿಸುವುದರಲ್ಲಿ ಅವನಿಗೆ ಸಮನಾದವರು ಡಲ್ಲಾಸ್ ಪ್ರಾಂತ್ಯದಲ್ಲಿ ಇರಲಿಲ್ಲ.

೨೦೧೨ರ ಸಂಕ್ರಾಂತಿಗೆ ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್ ಮೂರೂ ಊರುಗಳ ಕನ್ನಡಿಗರ ಕೂಟ ಆಸ್ಟಿನ್‌ನ ಒಂದು ಪಾರ್ಕಿನಲ್ಲಿ ಸೇರಿತು. ಹ್ಯೂಸ್ಟನ್‌ನಿಂದ ತಿರುಮಲ ಬಂದಿರಲಿಲ್ಲ; ಅವನ ಮಗಳು ಅನನ್ಯಾ ಆಗ ನಾಲ್ಕು ತಿಂಗಳ ಕೂಸು. ಊಟವಾದ ಮೇಲೆ ಡಲ್ಲಾಸ್ ಕೂಟದ ಅಧ್ಯಕ್ಷರಾದ ಲಿಂಗರಾಜು ಅವರು ಮೂರೂ ಊರಿಗೆ ಸೇರಿ ಒಂದೇ ವೆಬ್‌ಸೈಟ್ ಇರಬೇಕೆಂಬ ಆಸೆಯನ್ನು ವ್ಯಕ್ತಪಡಿಸಿದರು. ಉದಯಶಂಕರ ಕೈಯಲ್ಲಿದ್ದ ಕಬ್ಬಿನ ತುಂಡನ್ನು ಕೆಳಗಿಟ್ಟು ಎದ್ದು ನಿಂತ. ವೆಬ್‌ಸೈಟ್ ಎನ್ನುವುದು ಹಳೆಯ ಕಾಲದ ಮಾತು, ಈಗೇನಿದ್ದರೂ ಪೋರ್ಟಲ್, ಊರಿಗೊಂದು ಪೋರ್ಟ್‌ಲೆಟ್, ತಾನು ಕಂಪನಿಯಲ್ಲಿ ಅದರ ಆರ್ಕಿಟೆಕ್ಟ್ ಎಂದು ತಿಳಿಸಿದ. ಅಲ್ಲಿಗೆ ನಿಲ್ಲಿಸಿದ್ದರೆ ಸುಳ್ಳು ಒಂದೇ ಆಗುತ್ತಿತ್ತು. ಆದರೆ ಲಿಟಲ್ ಎಲ್ಮ್ ಊರಿನ ಶಕುಂತಲಾ ಆಂಟಿ, ಇಂಥದ್ದರಲ್ಲಿ ಹ್ಯೂಸ್ಟನ್‌ನ ತಿರುಮಲ ಜಾಣ ಅಂತಾರಲ್ಲ, ಅವನನ್ನೂ ಸೇರಿಸಿಕೊಳ್ಳಬಾರದೇ ಎಂದು ಕೇಳಿದರು.

“ತಿರುಮಲನಾ? ಅವನಿಗೆ ಇದನ್ನೆಲ್ಲ ಕಲಿಸಿದ್ದೇ ನಾನಲ್ವಾ ಆಂಟಿ” ಎಂದ ಉದಯಶಂಕರ.

ಕೇಳಿದವರು ಅರವತ್ತು ಮಂದಿ. ಅವನ ಕಾರು ಲೂಯಿಸ್‌ವಿಲ್ ಮುಟ್ಟುವ ಮೊದಲೇ ಮಾತು ಹ್ಯೂಸ್ಟನ್ ಮುಟ್ಟಿತು.

ತಿರುಮಲ ಜಗಳವಾಡಲಿಲ್ಲ. ಪ್ರತಿ ಭಾನುವಾರ ಹನ್ನೊಂದು ಗಂಟೆಗೆ ಅವನಿಂದ ಒಂದು ಫೋನ್ ಬರುತ್ತಿತ್ತು. ಅದು ನಿಂತಿತು, ಅಷ್ಟೇ. ಮೊದಲ ಭಾನುವಾರ ಉದಯಶಂಕರ ಅದನ್ನು ಗಮನಿಸಲಿಲ್ಲ. ಎರಡನೆಯ ಭಾನುವಾರ ಫೋನನ್ನು ಚಾರ್ಜಿಗೆ ಹಾಕಿದ. ಮೂರನೆಯ ಭಾನುವಾರದಿಂದ ಹನ್ನೊಂದಕ್ಕೆ ಸರಿಯಾಗಿ ತರಕಾರಿ ತರಲು ಹೊರಟುಬಿಡುವ ಅಭ್ಯಾಸ ಮಾಡಿಕೊಂಡ.

ಅವನ ಹೆಂಡತಿ ಕುಮುದಾ ಲೆಕ್ಕವನ್ನು ಬೇರೆ ರೀತಿ ಹಾಕಿದಳು. ತಿರುಮಲನ ಹೆಂಡತಿ ಚಿತ್ರಾಗೆ ಒಡಹುಟ್ಟಿದವರಿಲ್ಲ. ಅವಳ ಸೀಮಂತದಲ್ಲಿ ಅಣ್ಣನ ಸೀರೆ ಕೊಟ್ಟವನು ಉದಯಶಂಕರ. ಮಗುವಿನ ಕಿವಿ ಚುಚ್ಚುವಾಗ ಸೋದರಮಾವನ ತೊಡೆಯ ಮೇಲೆ ಕೂರಿಸುವುದು ಪದ್ಧತಿ. ಆ ತೊಡೆ ಉದಯಶಂಕರನದೆಂದು ಮಗು ಹುಟ್ಟಿದ ದಿನವೇ ತೀರ್ಮಾನವಾಗಿತ್ತು. ಅವನು ಆಸ್ಪತ್ರೆಯಿಂದ ಮರಳುವಾಗ ದಾರಿಯುದ್ದಕ್ಕೂ ಅದೊಂದೇ ಮಾತನ್ನಾಡಿದ್ದ. ಮನೆಗೆ ಬಂದು ಚಕ್ಕಳಮಕ್ಕಳ ಹಾಕಿ ಕೂತು ಅಭ್ಯಾಸವನ್ನೂ ಮಾಡಿದ್ದ. ಮಗುವಿಗೆ ಈಗ ಆರು ತಿಂಗಳು ತುಂಬಿತ್ತು, ಏಪ್ರಿಲ್‌ನಲ್ಲಿ ಕಿವಿ ಚುಚ್ಚುತ್ತಾರೆಂದು ಸುದ್ದಿಯಿತ್ತು, ಕರೆ ಮಾತ್ರ ಬಂದಿರಲಿಲ್ಲ.

“ಫೋನ್ ಮಾಡಿ ತಪ್ಪಾಯ್ತು ಅನ್ನಿ. ಎರಡು ನಿಮಿಷದ ಕೆಲಸ” ಎಂದಳು ಕುಮುದಾ.

ಎರಡು ನಿಮಿಷದ ಕೆಲಸವನ್ನು ಅವನು ಆಗಲೇ ಹತ್ತು ಭಾನುವಾರ ಮುಂದೂಡಿದ್ದ. ಒಮ್ಮೆ ಹತ್ತು ಅಂಕಿಗಳಲ್ಲಿ ಒಂಬತ್ತನ್ನು ಒತ್ತಿದ್ದುಂಟು. ಕೊನೆಗೆ ಅವನಿಗೊಂದು ಉಪಾಯ ಹೊಳೆಯಿತು. ಮೂರೂರ ಪೋರ್ಟಲ್ ಸಿದ್ಧವಾಗಿತ್ತು. ಯುಗಾದಿಯ ದಿನ ಅದರ ಉದ್ಘಾಟನೆ. ಊರಿಗೊಂದು ಕಿಟಕಿಯ ಜೊತೆಗೆ ಹವಾಮಾನದ್ದೊಂದು, ಪತ್ರದ್ದೊಂದು ಕಿಟಕಿ. ಪತ್ರದ ಕಿಟಕಿಯಲ್ಲಿ ಬರೆದು ಗುಂಡಿ ಒತ್ತಿದರೆ ಅದು ಹೆಸರಿಸಿದವರ ಇಮೇಲಿಗೆ ಹೋಗುತ್ತದೆ. ಅದನ್ನು ಇಡಿಯಾಗಿ ಉದಯಶಂಕರನೇ ಬರೆದದ್ದು. ಬೇರೆಯವರಿಗೆ ಸೋಮವಾರದಿಂದ ತೆರೆಯಬೇಕೆಂದು ಸಮಿತಿ ಹೇಳಿತ್ತು. ಮೊದಲ ಪತ್ರ ತಿರುಮಲನಿಗೆ ಹೋಗಲಿ. ಕ್ಷಮೆಯೂ ಕೇಳಿದಂತಾಯಿತು, ತಾನು ನಿಜವಾಗಿಯೂ ಪೋರ್ಟ್‌ಲೆಟ್ ಕಟ್ಟಬಲ್ಲೆನೆಂದು ತೋರಿಸಿದಂತೆಯೂ ಆಯಿತು. ಒಂದೇ ಕಾಗದದಲ್ಲಿ ಬಾಗಿ ನಮಸ್ಕರಿಸುವುದನ್ನೂ ಎದೆ ಸೆಟೆಸುವುದನ್ನೂ ಮಾಡಬಹುದೆಂದು ಅವನು ನಂಬಿದ್ದ.

ಪರೀಕ್ಷೆಯನ್ನೂ ಅವನು ಮಾಡದೆ ಬಿಟ್ಟಿರಲಿಲ್ಲ. ತನಗೇ ಒಂದು ಪತ್ರ ಕಳಿಸಿ ನೋಡಿದ್ದ. ಒಂದು ಕಳಿಸಿದ, ಒಂದು ಬಂತು, ಲೆಕ್ಕ ಸರಿಹೋಯಿತು, ಕಂಪ್ಯೂಟರ್ ಮುಚ್ಚಿದ. ಆ ಪುಟವನ್ನು ಎರಡನೆಯ ಸಲ ತೆರೆದು ತನ್ನ ಇಮೇಲನ್ನು ಮತ್ತೆ ನೋಡಿದ್ದರೆ ಈ ಕಥೆ ಇಲ್ಲಿಗೆ ಮುಗಿಯುತ್ತಿತ್ತು.

ಗುರುವಾರ ಸಂಜೆ ಅವನು ಬರೆದದ್ದು ಇಷ್ಟು: “ಪ್ರಿಯ ತಿರುಮಲ, ಸಂಕ್ರಾಂತಿಯ ದಿನ ನಾನು ಆಡಿದ ಮಾತು ಸುಳ್ಳು. ಕಲಿಸಿದವನು ನೀನು, ಕಲಿತವನು ನಾನು. ತಪ್ಪಾಯಿತು. ಅನನ್ಯಾಳ ಕಿವಿ ಚುಚ್ಚುವ ದಿನ ನನ್ನ ತೊಡೆ ನಿಮ್ಮ ಮನೆಯಲ್ಲಿರುತ್ತದೆ. ಉದಯ.” ನಾಲ್ಕು ವಾಕ್ಯ. ಕುಮುದಾ ಓದಿ, ತೊಡೆಯ ವಾಕ್ಯವನ್ನು ಬಿಟ್ಟರೆ ಚೆನ್ನಾಗಿದೆ ಎಂದಳು. ಅದನ್ನು ಬಿಡಲು ಅವನು ಒಪ್ಪಲಿಲ್ಲ. ಗುಂಡಿಯನ್ನು ಒತ್ತಿದ, ಒಂದೇ ಸಲ.

ಮರುದಿನ ಯುಗಾದಿ. ಬೆಳಿಗ್ಗೆ ಒಂಬತ್ತಕ್ಕೆ ಲಿಂಗರಾಜು ಅವರು ಡಲ್ಲಾಸ್‌ನ ನೂರ ನಲವತ್ತೊಂದು, ಹ್ಯೂಸ್ಟನ್‌ನ ತೊಂಬತ್ತೇಳು, ಆಸ್ಟಿನ್‌ನ ನಲವತ್ತೆಂಟು, ಒಟ್ಟು ಇನ್ನೂರ ಎಂಬತ್ತಾರು ಕುಟುಂಬಗಳಿಗೆ ಶುಭಾಶಯ ಕಳಿಸಿ, ಎಲ್ಲರೂ ತಪ್ಪದೆ ಪುಟವನ್ನು ತೆರೆಯಬೇಕೆಂದು ಕೋರಿದರು. ಜನ ತೆರೆದರು. ಉದಯಶಂಕರ ಪತ್ರ ಕಳಿಸುವ ಕೆಲಸವನ್ನು ತೋರಿಸುವ ಜಾಗದಲ್ಲಿ ಇಟ್ಟಿದ್ದ. ಕೊನೆಯ ಪತ್ರವನ್ನು ಬಡಿಸುವವನ ಕೈಯಲ್ಲೇ ಬಿಟ್ಟಿದ್ದ. ಹೀಗಾಗಿ ಯಾರು ಪುಟ ತೆರೆದರೂ, ಆಸ್ಟಿನ್‌ನ ಕಿಟಕಿಯಲ್ಲಿ ಭಜನೆಯ ವೇಳೆ ನೋಡಿದರೂ, ಶಕುಂತಲಾ ಆಂಟಿ ಬಟ್ಟೆ ಒಣಗಿಸುವುದಕ್ಕಾಗಿ ಹತ್ತು ನಿಮಿಷಕ್ಕೊಮ್ಮೆ ಹವಾಮಾನ ಕೇಳಿದರೂ, ಹ್ಯೂಸ್ಟನ್‌ಗೆ ಒಂದು ಕ್ಷಮಾಪಣೆ ಹೋಗುತ್ತಿತ್ತು.

ಅಲ್ಲಿ ತಿರುಮಲ ಆಫೀಸಿಗೆ ಹೋಗಿದ್ದ. ಮನೆಯ ಟ್ಯಾಬ್ಲೆಟ್ ಅವನ ತಾಯಿ ಗೋದಾವರಿಯಮ್ಮನವರ ಕೈಯಲ್ಲಿತ್ತು. ಮೊಮ್ಮಗಳನ್ನು ನೋಡಲು ಧಾರವಾಡದಿಂದ ಬಂದಿದ್ದ ಅವರು ಅದರಲ್ಲಿ ವಿಷ್ಣು ಸಹಸ್ರನಾಮ ಕೇಳುತ್ತಿದ್ದರು. ಮಗನ ಇಮೇಲ್ ಬಂದಾಗಲೆಲ್ಲ ಅದು ಟಿಣ್ ಎನ್ನುತ್ತಿತ್ತು. ಮೊದಲ ಹನ್ನೆರಡು ಪತ್ರಗಳಿಗೆ ಅವರು ಕಣ್ಣೊರಸಿಕೊಂಡರು. ಇಂಥ ಸ್ನೇಹಿತ ಯಾರಿಗಿರುತ್ತಾನೆಂದು ಸೊಸೆಯನ್ನು ಕೇಳಿದರು. ಐವತ್ತರ ಹೊತ್ತಿಗೆ ಹುಡುಗನ ಆರೋಗ್ಯ ಸರಿಯಿದೆಯೋ ಇಲ್ಲವೋ ಎಂದು ವಿಚಾರಿಸಿದರು. ನೂರು ದಾಟಿದ ಮೇಲೆ ಜಪಮಣಿಯನ್ನು ತರಿಸಿ ಎಣಿಸಲು ಕುಳಿತರು. ಒಂದು ಸಹಸ್ರನಾಮ ಮುಗಿಯುವುದರೊಳಗೆ ಎಷ್ಟು ಕ್ಷಮೆ ಬರುತ್ತದೆಂಬುದರಲ್ಲಿ ಅವರಿಗೆ ಆಸಕ್ತಿ ಹುಟ್ಟಿತ್ತು.

ಮಧ್ಯಾಹ್ನ ಒಂದು ಗಂಟೆಗೆ ಚಿತ್ರಾ ಕುಮುದಾಗೆ ಫೋನ್ ಮಾಡಿದಳು. ಹತ್ತು ವಾರಗಳಲ್ಲಿ ಅದು ಮೊದಲ ಫೋನ್.

“ಇನ್ನೂರ ಹದಿನಾಲ್ಕು ಬಂದಿದೆ ಕುಮುದಕ್ಕ. ಅಣ್ಣ ತಮಾಷೆ ಮಾಡ್ತಿದಾರಾ, ಇಲ್ಲಾ ಸಿಟ್ಟಾ? ಯಾವುದು ಅಂತ ಹೇಳಿದ್ರೆ ಅದಕ್ಕೆ ತಕ್ಕ ಹಾಗೆ ನಾವೂ ಇರ್ತೀವಿ” ಎಂದಳು. ಹಿಂದಿನಿಂದ ಗೋದಾವರಿಯಮ್ಮನವರ ದನಿಯೂ ಕೇಳಿಸಿತು: “ಇಷ್ಟು ಸಲ ತಪ್ಪಾತು ಅಂತ ನಾ ಹಡೆದ ಮಕ್ಕಳೂ ಅಂದಿಲ್ಲರಿ.”

ಕುಮುದಾ ಪ್ಲೇನೋಗೆ ಫೋನ್ ಮಾಡಿದಳು. ಉದಯಶಂಕರ ನಂಬಲಿಲ್ಲ. ಪರೀಕ್ಷಿಸುವುದಕ್ಕಾಗಿ ಪುಟವನ್ನು ತೆರೆದ. ಎಲ್ಲವೂ ಸರಿಯಾಗಿ ಕಂಡಿತು. ಇನ್ನೊಮ್ಮೆ ತೆರೆದ. ಹೀಗೆ ಹದಿನೇಳು ಸಲ ತೆರೆದು, ಏನೂ ತೊಂದರೆಯಿಲ್ಲವೆಂದು ಖಚಿತಪಡಿಸಿಕೊಂಡ. ಆ ಹದಿನೇಳೂ ಹ್ಯೂಸ್ಟನ್ ಸೇರಿದವೆಂದು ಕುಮುದಾ ತಿಳಿಸಿದ ಮೇಲೆ ಅವನು ಮೌಸಿನಿಂದ ಕೈ ತೆಗೆದ.

ಯಂತ್ರವನ್ನು ನಿಲ್ಲಿಸಬಲ್ಲವರು ಇಬ್ಬರಿದ್ದರು. ಒಬ್ಬ ಆಸ್ಟಿನ್‌ನ ಸುಮುಖ. ಸರ್ವರ್ ಅವನ ಮನೆಯಲ್ಲಿತ್ತು, ಅವನು ಮಾತ್ರ ಹಿಂದಿನ ದಿನವೇ ಬಿಗ್ ಬೆಂಡ್‌ನ ಕಣಿವೆಗೆ ಡೇರೆ ಹೊತ್ತು ಹೋಗಿದ್ದ, ಅಲ್ಲಿ ಫೋನ್ ಕೆಲಸ ಮಾಡುವುದಿಲ್ಲ. ಎರಡನೆಯವನು, ಹೇಗೆ ನಿಲ್ಲಿಸಬೇಕೆಂದು ಉದಯಶಂಕರನಿಗೆ ಫೋನಿನಲ್ಲೇ ಹೇಳಿಕೊಡಬಲ್ಲವನು, ತಿರುಮಲ.

ಮತ್ತೆ ಒಂಬತ್ತು ಅಂಕಿ ಒತ್ತಿದ. ಹತ್ತನೆಯದು ಉಳಿಯಿತು. ಬದಲಿಗೆ ಅವನು ತನಗೆ ಚೆನ್ನಾಗಿ ಬರುತ್ತಿದ್ದ ಒಂದೇ ವಿದ್ಯೆಯ ಮೊರೆಹೊಕ್ಕ. ಮೂರು ವರ್ಷ ನಾಲ್ಕು ತಿಂಗಳು ಸಹಾಯದ ಪುಟ ಬರೆದವನಿಗೆ ಎರಡು ಸಾಲಿನಲ್ಲಿ ಸೂಚನೆ ಕೊಡುವುದು ರಕ್ತಗತವಾಗಿತ್ತು. ಪತ್ರದ ಕಿಟಕಿಯನ್ನು ತೆರೆದು ಆಫೀಸಿನ ಧಾಟಿಯಲ್ಲಿ ಬರೆದ: “ಪ್ರಿಯ ತಿರುಮಲ, ಹಿಂದಿನ ಪತ್ರ ತಪ್ಪಿನಿಂದ ಬಂದಿದೆ. ದಯವಿಟ್ಟು ಅದನ್ನು ಪರಿಗಣಿಸಬೇಡ. ಉದಯ.” ಈ ಗುಂಡಿಯನ್ನೂ ಅವನು ಒಂದೇ ಸಲ ಒತ್ತಿದ.

ಫಲ ಕೂಡಲೇ ಕಂಡಿತು. ಮೊದಲ ಪತ್ರ ಬರುವುದು ನಿಂತುಹೋಯಿತೆಂದು ಚಿತ್ರಾ ಕುಮುದಾಗೆ ಹೇಳಿದಳು. ಉದಯಶಂಕರ ಬೆವರೊರೆಸಿಕೊಂಡು, ತೊಂದರೆ ನಿವಾರಣೆಯಾಗಿದೆ ಎಂದು ಲಿಂಗರಾಜು ಅವರಿಗೆ ವರದಿ ಮಾಡಿದ. ಏನು ತೊಂದರೆಯೆಂದು ಲಿಂಗರಾಜು ಅವರಿಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ. ಗೊತ್ತಾದೊಡನೆ ಜವಾಬ್ದಾರಿಯುತ ಅಧ್ಯಕ್ಷರು ಮಾಡಬೇಕಾದುದನ್ನೇ ಮಾಡಿದರು. ಪೋರ್ಟಲ್‌ನಲ್ಲಿ ಒಂದು ಸಣ್ಣ ದೋಷವಿತ್ತು, ಸರಿಪಡಿಸಲಾಗಿದೆ, ಎಲ್ಲರೂ ದಯವಿಟ್ಟು ಎರಡೆರಡು ಸಲ ತೆರೆದು ಪರೀಕ್ಷಿಸಿ ಎಂದು ಇನ್ನೂರ ಎಂಬತ್ತಾರು ಕುಟುಂಬಗಳಿಗೂ ಮತ್ತೆ ಬರೆದರು.

ಕನ್ನಡಿಗರು ಸಹೃದಯರು. ಎರಡೆರಡು ಸಲ ಅಲ್ಲದಿದ್ದರೂ ಬಹುಮಂದಿ ಒಂದೊಂದು ಸಲ ತೆರೆದರು. ಸಂಜೆ ಏಳರ ಹೊತ್ತಿಗೆ, ಕೇಳಿದ ಕ್ಷಮೆಯನ್ನು ಪರಿಗಣಿಸಬಾರದೆಂಬ ಸೂಚನೆ ತಿರುಮಲನಿಗೆ ಮುನ್ನೂರ ಮೂವತ್ತೊಂದು ಸಲ ತಲುಪಿತ್ತು.

ಉದಯಶಂಕರನ ಮನೆಯಲ್ಲಿ ಆಗ ಹೋಳಿಗೆ ಬಡಿಸುತ್ತಿದ್ದರು. ಕುಮುದಾ ಎಲ್ಲರಿಗೂ ತುಪ್ಪ ಹಾಕಿ ಅವನ ತಟ್ಟೆಯನ್ನು ಮರೆತಳು, ಅವನು ನೆನಪಿಸಲಿಲ್ಲ. ಒಂಬತ್ತು ವರ್ಷದ ಮಗಳು ಶ್ರೀವಿದ್ಯಾ ತಂದೆ ತಾಯಿಯ ಮಾತನ್ನೆಲ್ಲ ಕೇಳಿಸಿಕೊಂಡು, ಕೊನೆಯ ಪತ್ರ ಯಾರಿಗೋ ಅವರಿಗೆ ತಾನೇ ಹೋಗುವುದು ಎಂದು ಇಂಗ್ಲಿಷಿನಲ್ಲಿ ವಿಚಾರಿಸಿದಳು. ಹೌದೆಂದ.

“ಸೋ, ಜಸ್ಟ್ ಸೆಂಡ್ ಒನ್ ಟು ಯುವರ್‌ಸೆಲ್ಫ್, ಅಪ್ಪಾ” ಎಂದಳು.

ಉದಯಶಂಕರ ಕೈ ತೊಳೆಯದೆ ಎದ್ದು ಹೋಗಿ ತನ್ನ ಹೆಸರಿಗೇ ಒಂದು ಖಾಲಿ ಪತ್ರ ಕಳಿಸಿಕೊಂಡ. ಹ್ಯೂಸ್ಟನ್‌ನಲ್ಲಿ ಟಿಣ್ ಸದ್ದು ನಿಂತಿತು. ಲೂಯಿಸ್‌ವಿಲ್‌ನಲ್ಲಿ ಶುರುವಾಯಿತು. ಭಾನುವಾರ ಸುಮುಖ ಕಣಿವೆಯಿಂದ ಮರಳಿ ಸರ್ವರ್ ಮುಚ್ಚುವವರೆಗೆ ಅವನಿಗೆ ಎಂಬತ್ತೆಂಟು ಖಾಲಿ ಪತ್ರಗಳು ಬಂದವು. ಬೇರೆ ಯಾರದಾದರೂ ಒಂದು ಅವುಗಳ ನಡುವೆ ಸಿಕ್ಕಿಕೊಂಡಿರಬಹುದೇ ಎಂದು ಅವನು ಎಂಬತ್ತೆಂಟನ್ನೂ ಒಂದೊಂದಾಗಿ ತೆರೆದು ನೋಡಿದನೆಂದು ಕುಮುದಾ ಹೇಳುತ್ತಾಳೆ.

ಕಿವಿ ಚುಚ್ಚುವ ಕರೆ ಬಂತು. ಚಿತ್ರಾ ಕುಮುದಾಗೆ ಫೋನ್ ಮಾಡಿ, ಮುಂದಿನ ಶನಿವಾರದ ನಂತರದ ಶನಿವಾರ, ಎಲ್ಲರೂ ಬನ್ನಿ, ಊಟ ಅಲ್ಲೇ ಎಂದಳು. ತೊಡೆಯ ವಿಷಯ ಎತ್ತಲಿಲ್ಲ. ಎತ್ತದಿದ್ದುದನ್ನು ಒಳ್ಳೆಯ ಲಕ್ಷಣವೆಂದು ಉದಯಶಂಕರ ಭಾವಿಸಿದ: ತೀರ್ಮಾನವಾದುದನ್ನು ಯಾರು ಮತ್ತೆ ಮತ್ತೆ ಹೇಳುತ್ತಾರೆ? ಎರಡು ದಿನದ ಮೇಲೆ ಲಿಂಗರಾಜು ಅವರ ಫೋನ್ ಬಂತು.

“ನೋಡಪ್ಪಾ ಉದಯ, ಹ್ಯೂಸ್ಟನ್‌ನೋರು ನನ್ನನ್ನ ಸೋದರಮಾವನ ಜಾಗದಲ್ಲಿ ಕೂತ್ಕೊಳ್ಳಿ ಅಂತಿದಾರೆ. ಆ ಹೆಣ್ಣುಮಗಳಿಗೆ ಅಣ್ಣತಮ್ಮಂದಿರು ಯಾರೂ ಇಲ್ವಂತೆ, ಪಾಪ. ನನಗಿದರ ಪದ್ಧತಿ ಗೊತ್ತಿಲ್ಲ. ನೀನು ಇಂಥದ್ದೆಲ್ಲ ಬರೆದುಕೊಡೋದರಲ್ಲಿ ಎತ್ತಿದ ಕೈ. ಏನೇನು ತರಬೇಕು, ಹೇಗೆ ಕೂರಬೇಕು, ಒಂದು ಪಟ್ಟಿ ಮಾಡಿ ಕಳಿಸ್ತೀಯಾ?”

ಲಿಂಗರಾಜು ಅವರಲ್ಲಿ ಕೆಡುಕಿರಲಿಲ್ಲ. ಕೆಡುಕಿದ್ದಿದ್ದರೆ ಉದಯಶಂಕರನಿಗೆ ಸುಲಭವಾಗುತ್ತಿತ್ತು. ಅವನು ಆಗಲಿ ಸಾರ್ ಎಂದು ಕುಳಿತು ಬರೆದ. ಪಶ್ಚಿಮಕ್ಕೆ ಬೆನ್ನು ಮಾಡಿ ಚಕ್ಕಳಮಕ್ಕಳ ಹಾಕಿ ಕೂರುವುದು. ಮಗುವನ್ನು ಎಡತೊಡೆಯ ಮೇಲೆ, ತಲೆ ತನ್ನ ಎದೆಗೆ ಒರಗುವಂತೆ ಹಿಡಿಯುವುದು. ಎರಡೂ ಕೈಗಳನ್ನು ಒಂದೇ ಅಂಗೈಯಲ್ಲಿ ಮೆಲ್ಲಗೆ ಸೇರಿಸಿಕೊಳ್ಳುವುದು, ಬಿಗಿಯಬಾರದು. ಬಾಯಿಗೆ ಬೆಲ್ಲ ತೋರಿಸಿ ಗಮನ ಬೇರೆ ಕಡೆ ಸೆಳೆಯುವುದು. ಅತ್ತಾಗ ತಾನು ಗಾಬರಿಯಾಗದಿರುವುದು. ಒಟ್ಟು ಹದಿನಾಲ್ಕು ಸೂಚನೆಗಳು. ಅವನು ಜೀವಮಾನದಲ್ಲಿ ಬರೆದ ಸಹಾಯದ ಪುಟಗಳಲ್ಲಿ ಒಬ್ಬ ಮನುಷ್ಯ ಪೂರ್ತಿ ಓದಿ ಅದರಂತೆ ನಡೆದದ್ದು ಇದೊಂದೇ.

ಹ್ಯೂಸ್ಟನ್‌ಗೆ ಇನ್ನೂರ ಅರವತ್ತು ಮೈಲಿ. ದಾರಿಯುದ್ದಕ್ಕೂ ಅವನ ತುಟಿ ಅಲ್ಲಾಡುತ್ತಿತ್ತು. ಏನು ಗೊಣಗುತ್ತಿದ್ದೀರಿ ಎಂದು ಕುಮುದಾ ಒಮ್ಮೆ ಕೇಳಿದಳು.

ತಿರುಮಲನ ಮನೆಯಲ್ಲಿ ಮೂವತ್ತೊಂದು ಜನ ಸೇರಿದ್ದರು. ಬಾಗಿಲಲ್ಲೇ ಗೋದಾವರಿಯಮ್ಮ ಎದುರಾದರು. “ನೀವೇನ್ರಿ ಆ ಪತ್ರದವರು? ಬರ್ರಿ. ಫೋಟೋದಾಗ ದಪ್ಪ ಕಾಣ್ತೀರಿ” ಎಂದು ಒಳಗೆ ಕರೆದರು. ಸೋಫಾದ ಮೇಲಿದ್ದ ಇಬ್ಬರು ಒಬ್ಬರನ್ನೊಬ್ಬರು ನೋಡಿಕೊಂಡರು, ಒಬ್ಬರು ಕೆಮ್ಮಿದರು.

ಅಡುಗೆಮನೆಯಲ್ಲಿ ತಿರುಮಲ ಒಬ್ಬನೇ ಪಾನಕಕ್ಕೆ ಏಲಕ್ಕಿ ಕುಟ್ಟುತ್ತಿದ್ದ. ಉದಯಶಂಕರ ಹೋಗಿ ಪಕ್ಕದಲ್ಲಿ ನಿಂತ. ಯಂತ್ರದ ದೋಷವೆಂದೂ, ತಾನು ಒತ್ತಿದ್ದು ಒಂದೊಂದೇ ಸಲವೆಂದೂ, ಐನೂರ ಅರವತ್ತೆರಡು ಪತ್ರಗಳನ್ನು ತಾನು ಕಳಿಸಲಿಲ್ಲವೆಂದೂ ವಿವರಿಸತೊಡಗಿದ. ತಿರುಮಲ ಕುಟ್ಟುವುದನ್ನು ನಿಲ್ಲಿಸಲಿಲ್ಲ. ಮೂರನೆಯ ಪತ್ರ ನೋಡಿದಾಗಲೇ ತಪ್ಪು ಪ್ರೋಗ್ರಾಮಿನ ಯಾವ ಸಾಲಿನಲ್ಲಿದೆಯೆಂದು ತನಗೆ ಗೊತ್ತಾಗಿತ್ತು ಎಂದ.

“ಆ ಐನೂರ ಅರವತ್ತೆರಡು ನಾ ಎಣಿಸಿಲ್ಲೋ. ಅವ್ವ ಎಣಿಸ್ಯಾಳ. ನಾ ಎಣಿಸಿದ್ದು ಎರಡ. ಒಂದು, ನೀ ತಪ್ಪಾತು ಅಂದದ್ದು. ಇನ್ನೊಂದು, ಆ ಮಾತು ಲೆಕ್ಕಕ್ಕ ಹಿಡೀಬ್ಯಾಡ ಅಂದದ್ದು. ಒಂದರಾಗ ಒಂದು ಕಳೆದ್ರ ಎಷ್ಟು ಉಳೀತು?”

ಉತ್ತರ ಕಷ್ಟದ್ದಾಗಿರಲಿಲ್ಲ.

“ಮತ್ತ ಇನ್ನೊಂದು” ಎಂದ ತಿರುಮಲ, ಏಲಕ್ಕಿ ಪುಡಿಯನ್ನು ಪಾತ್ರೆಗೆ ಸುರಿಯುತ್ತ. “ಸುಳ್ಳು ಹೇಳೂಮುಂದ ಅರವತ್ತು ಮಂದಿ ಇದ್ರು. ತಪ್ಪಾತು ಅನ್ನೂಮುಂದ ನಾ ಒಬ್ಬನ. ಅದೂ ಮಷೀನಿನ ಕೈಲೆ.” ಸೌಟಿನಿಂದ ಒಂದು ಸುತ್ತು ತಿರುವಿ, ಲೋಟದಲ್ಲಿ ಸ್ವಲ್ಪ ಹಾಕಿ ಸಿಹಿ ಸಾಕೇ ನೋಡೆಂದು ಅವನ ಕೈಗೆ ಕೊಟ್ಟ. ಹಳೆಯ ಮನೆಯಲ್ಲಿ ಅಡುಗೆಯ ರುಚಿ ನೋಡುವುದಷ್ಟೇ ಉದಯಶಂಕರನ ಪಾಲಿನ ಕೆಲಸವಾಗಿತ್ತು. ಅವನು ಕುಡಿದು ಸಾಕು ಎಂದ. ತಿರುಮಲ ಪಾತ್ರೆ ಎತ್ತಿಕೊಂಡು ಹೊರಗೆ ಹೋದ.

ಆ ಲೋಟ ಹಿಡಿದು ನಿಂತಲ್ಲೇ ಉದಯಶಂಕರ ನಿರ್ಧಾರ ಮಾಡಿದ. ಹೊರಗೆ ಮೂವತ್ತೊಂದು ಜನರಿದ್ದಾರೆ. ಅರವತ್ತಕ್ಕೆ ಅದು ಅರ್ಧಕ್ಕಿಂತ ಒಂದು ಹೆಚ್ಚು. ಎಲ್ಲರ ಎದುರಿಗೆ, ಬಾಯಿಬಿಟ್ಟು, ಇವತ್ತೇ ಹೇಳಿಬಿಡುವುದು.

ಹಾಲಿನಲ್ಲಿ ಲಿಂಗರಾಜು ಅವರು ಪಶ್ಚಿಮಕ್ಕೆ ಬೆನ್ನು ಮಾಡಿ ಕುಳಿತಿದ್ದರು. ಅವರದು ವಿಶಾಲವಾದ ತೊಡೆ; ಅನನ್ಯಾ ಅದರ ಮೇಲೆ ಒಂದು ಮೂಲೆಯಲ್ಲಿ ಕುಳಿತಂತೆ ಕಂಡಳು. ತಲೆ ಎದೆಗೆ ಒರಗಿತ್ತು, ಎರಡು ಕೈಗಳೂ ಒಂದು ಅಂಗೈಯಲ್ಲಿ ಮೆಲ್ಲಗೆ ಸೇರಿದ್ದವು, ಬೆಲ್ಲದ ಚೂರು ಸರಿಯಾದ ಎತ್ತರದಲ್ಲಿತ್ತು. ಹದಿನಾಲ್ಕರಲ್ಲಿ ಒಂದು ಸೂಚನೆಯೂ ತಪ್ಪಿರಲಿಲ್ಲ. ಮಕ್ಕಳ ಡಾಕ್ಟರಾದ ಇಂದುಮತಿಯವರು ಕಿವಿಯ ಹಾಲೆಯ ಮೇಲೆ ಚುಕ್ಕಿಯಿಟ್ಟು ಸೂಜಿ ಎತ್ತಿಕೊಂಡರು. ಪುರೋಹಿತರು ಮಂತ್ರ ನಿಲ್ಲಿಸಿದರು. ಗೋದಾವರಿಯಮ್ಮ ಕಣ್ಣು ಮುಚ್ಚಿಕೊಂಡರು. ಮೂವತ್ತೊಂದು ಜನರಲ್ಲಿ ಒಬ್ಬರೂ ಉಸಿರಾಡಿದಂತೆ ಕಾಣಲಿಲ್ಲ. ಇಷ್ಟು ಒಳ್ಳೆಯ ಮೌನ ಇನ್ನೊಮ್ಮೆ ಸಿಕ್ಕುವುದಿಲ್ಲವೆಂದು ಉದಯಶಂಕರನಿಗೆ ತೋರಿತು.

“ತಿರುಮಲನಿಗೆ ನಾನು ಕಲಿಸಲಿಲ್ಲ. ನನಗೆ ಕಲಿಸಿದ್ದು ಅವನು. ಆವತ್ತು ನಾನು ಹೇಳಿದ್ದು ಸುಳ್ಳು” ಎಂದ. ಒಂದಕ್ಷರವನ್ನೂ ನುಂಗಲಿಲ್ಲ.

ಮೊದಲನೆಯ ಅಕ್ಷರಕ್ಕೆ ಸೂಜಿ ಇಳಿದಿತ್ತು. ಅನನ್ಯಾ ಕಿರುಚಿದ್ದು ಪಕ್ಕದ ಬೀದಿಗೂ ಕೇಳಿಸಿತು. ಹೆಂಗಸರೆಲ್ಲ ಒಟ್ಟಿಗೆ ಅಯ್ಯೋ ಕಂದಾ ಎಂದರು, ಗಂಡಸರು ಆಯ್ತು ಆಯ್ತು ಎಂದರು, ಪುರೋಹಿತರು ಅದನ್ನೆಲ್ಲ ಮೀರಿಸುವಂತೆ ಮಂತ್ರ ಎತ್ತಿಕೊಂಡರು. ಮೂವತ್ತೊಂದು ಜೊತೆ ಕಣ್ಣುಗಳೂ ಒಂದೇ ಕಿವಿಯ ಮೇಲಿದ್ದವು. ಉದಯಶಂಕರನ ತುಟಿ ಅಲ್ಲಾಡಿದ್ದನ್ನು ಕಂಡವನು ಗಿಲಕಿ ಹಿಡಿದು ಮಗುವಿನ ಎದುರು ನಿಂತಿದ್ದ ತಿರುಮಲನೊಬ್ಬನೇ. ಅವನು ಗಿಲಕಿ ಆಡಿಸುವುದನ್ನು ನಿಲ್ಲಿಸಿ ತಲೆಯೆತ್ತಿದ.

“ಏನಂದಿ?” ಎಂದು ಕೇಳಿದ.

ಅವನು ಏನು ಹೇಳುತ್ತಾನೆಂದು ಸಂಕ್ರಾಂತಿಯ ನಂತರ ತಿರುಮಲ ತಾನಾಗಿ ಕೇಳಿದ್ದು ಅದೇ ಮೊದಲು. ಹಾಲಿನಲ್ಲಿ ಸದ್ದು ಸ್ವಲ್ಪ ಇಳಿದಿತ್ತು. ಒಂದಿಬ್ಬರು ಇತ್ತ ತಿರುಗಿಯೂ ನೋಡಿದರು. ಹೇಳಬೇಕಾದುದು ಮೂರು ವಾಕ್ಯ, ಈಗಷ್ಟೇ ಹೇಳಿದ್ದು, ಬಾಯಿಪಾಠವಾಗಿದ್ದದ್ದು. ಅವನ ಪರವಾಗಿ ಯಂತ್ರ ಬೇಸರವಿಲ್ಲದೆ ಇನ್ನೂರಕ್ಕೂ ಹೆಚ್ಚು ಸಲ ಹೇಳಿದ್ದು. ಉದಯಶಂಕರ ಬಾಯಿ ತೆರೆದ.

“ಏನಿಲ್ಲ” ಎಂದ. “ಮಗು ಅಳ್ತಾ ಇದೆ ಅಂದೆ.”

“ಹೂಂ” ಎಂದು ತಿರುಮಲ ಒಂದು ಕ್ಷಣ ಹಾಗೆಯೇ ನೋಡಿ, ಮತ್ತೆ ಗಿಲಕಿ ಆಡಿಸತೊಡಗಿದ.

ಇಂದುಮತಿಯವರು ಎಡಗಿವಿಯನ್ನು ಮುಗಿಸಿ ಬಲಗಿವಿಯ ಕಡೆಗೆ ತಿರುಗಿದರು. ಲಿಂಗರಾಜು ಅವರು ತೊಡೆಯನ್ನು ಸ್ವಲ್ಪ ಸರಿಪಡಿಸಿಕೊಂಡರು.